ಮಗನ ಮೇಕಪ್ ಪೆಟ್ಟಿಗೆ ಮತ್ತು ಜೂನ್ ತಿಂಗಳ ಮತಪತ್ರ

ಲಾಸ್ ಏಂಜಲೀಸ್ ಬಳಿಯ ಕಾಲೇಜೊಂದರ ಉದ್ಯೋಗ ಮಾರ್ಗದರ್ಶನ ವಿಭಾಗದಲ್ಲಿ ನಾನು 22 ವರ್ಷ ಕೆಲಸ ಮಾಡಿದೆ. ನಿವೃತ್ತಿಯ ನಂತರ ಚುನಾವಣೆ ಬಂದಾಗಲೆಲ್ಲ ಮತಗಟ್ಟೆಯಲ್ಲಿ ಕೂರುತ್ತೇನೆ. ಅಮೆರಿಕದಲ್ಲಿರುವ ಕನ್ನಡದ ಓದುಗರು ಈ ತಿಂಗಳು ಬರೆದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಆ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಪ್ರಶ್ನೆ: ಮೇಡಂ, ನಮ್ಮ ಮಗ ಇಲ್ಲೇ ಹುಟ್ಟಿ ಬೆಳೆದವನು. ಹೋದ ಮೇ ತಿಂಗಳಲ್ಲಿ ಕಂಪ್ಯೂಟರ್ ಸೈನ್ಸ್ ಡಿಗ್ರಿ ಮುಗಿಸಿದ. ಇನ್ನೂರು ಅರ್ಜಿ ಹಾಕಿರಬಹುದು, ಎಲ್ಲೂ ಕೆಲಸ ಸಿಕ್ಕಿಲ್ಲ. ಮೊನ್ನೆ ಬಟ್ಟೆ ಇಡಲು ಅವನ ಕೋಣೆಗೆ ಹೋದರೆ ವಿಗ್ಗು, ಎತ್ತರದ ಹಿಮ್ಮಡಿಯ ಚಪ್ಪಲಿ, ದೊಡ್ಡದೊಂದು ಮೇಕಪ್ ಪೆಟ್ಟಿಗೆ. ಕೇಳಿದೆ. ಶನಿವಾರ ರಾತ್ರಿ ಹೆಣ್ಣಿನ ವೇಷ ಹಾಕಿ ರಂಗದ ಮೇಲೆ ಡ್ರ್ಯಾಗ್ ಶೋ ಮಾಡುತ್ತೇನೆ ಅಂದ. ಅವರಪ್ಪ ಎರಡು ವಾರದಿಂದ ಅವನ ಹತ್ತಿರ ಮಾತಾಡಿಲ್ಲ. ‘ಇದಕ್ಕೇ ಕೆಲಸ ಸಿಗದೇ ಇರೋದು’ ಅಂತಾರೆ. ನಾನು ಏನು ಮಾಡಲಿ? — ಒಬ್ಬ ತಾಯಿ, ಒಹಾಯೊ

ಉತ್ತರ: ಅಮ್ಮಾ, ಮೊದಲು ನಿಮ್ಮ ಯಜಮಾನರ ಮಾತು ಎಷ್ಟು ನಿಜ ಅಂತ ನೋಡೋಣ. ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕ್, ಹೊಸದಾಗಿ ಪದವಿ ಪಡೆದ 22ರಿಂದ 27ರ ವಯಸ್ಸಿನವರ ಲೆಕ್ಕವನ್ನು ಬೇರೆಯಾಗಿಯೇ ಇಡುತ್ತದೆ. 2025ರ ಮೊದಲ ಮೂರು ತಿಂಗಳಲ್ಲಿ ಅವರ ನಿರುದ್ಯೋಗ ಪ್ರಮಾಣ ಶೇ 5.8ರ ಆಸುಪಾಸಿಗೆ ಏರಿತು, ಅದು 2021ರ ನಂತರದ ಅತಿ ಹೆಚ್ಚಿನದು. ಕೆಲಸ ಸಿಕ್ಕವರಲ್ಲೂ ನೂರಕ್ಕೆ ಸುಮಾರು 41 ಜನ ಡಿಗ್ರಿಯೇ ಬೇಡದ ಕೆಲಸಗಳಲ್ಲಿದ್ದರು. ಅದೇ ವರ್ಷ ಬ್ಯಾಂಕು ಓದಿನ ವಿಷಯವಾರು ಪಟ್ಟಿಯನ್ನೂ ಹೊರಡಿಸಿತು. ಕಂಪ್ಯೂಟರ್ ಸೈನ್ಸ್ ಓದಿದವರ ನಿರುದ್ಯೋಗ ಅದರಲ್ಲಿ ಶೇ 6.1, ಕಂಪ್ಯೂಟರ್ ಎಂಜಿನಿಯರಿಂಗ್ ಓದಿದವರದ್ದು ಶೇ 7.5. ಪೋಷಣಶಾಸ್ತ್ರ ಓದಿದವರದ್ದು ಬರೀ ಶೇ 0.4. ‘ಕಂಪ್ಯೂಟರ್ ಓದಿಸಿಬಿಟ್ಟರೆ ನಿಶ್ಚಿಂತೆ’ ಅಂತ ನಾವೆಲ್ಲ ಇಪ್ಪತ್ತೈದು ವರ್ಷ ನಂಬಿಕೊಂಡು ಬಂದೆವು. ನಾನೂ ಎಷ್ಟೋ ತಂದೆತಾಯಂದಿರಿಗೆ ಅದನ್ನೇ ಹೇಳಿದ್ದೇನೆ. ಕೋವಿಡ್ ಕಾಲದಲ್ಲಿ ಕಂಪನಿಗಳು ಮೇಲೆಬಿದ್ದು ಜನರನ್ನು ತುಂಬಿಕೊಂಡವು, ಆಮೇಲೆ ಬಡ್ಡಿದರ ಏರಿತು, ಸಾವಿರಾರು ಜನರನ್ನು ಹೊರಗೆ ಹಾಕಿದವು. ಈಗ ನಿಮ್ಮ ಮಗ ಅರ್ಜಿ ಹಾಕುವ ಕಿರಿಯ ಹುದ್ದೆಗೆ ನಾಲ್ಕು ವರ್ಷ ಅನುಭವ ಇರುವವರೂ ಅರ್ಜಿ ಹಾಕುತ್ತಾರೆ. ಶನಿವಾರದ ವಿಗ್ಗಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಇನ್ನು ನನ್ನದೇ ಒಂದು ತಪ್ಪನ್ನು ಹೇಳಬೇಕು. ಬಹಳ ವರ್ಷದ ಹಿಂದೆ ಒಬ್ಬ ಹುಡುಗ ರೆಸ್ಯೂಮೆ ಹಿಡಿದು ನನ್ನ ಮೇಜಿಗೆ ಬಂದ. ಎರಡು ವರ್ಷ ಪ್ರತಿ ತಿಂಗಳೂ ಒಂದು ಡ್ರ್ಯಾಗ್ ಕಾರ್ಯಕ್ರಮ ನಡೆಸಿದ್ದೇನೆ ಅಂತ ಅದರಲ್ಲಿ ಬರೆದಿದ್ದ. ಜಾಗ ಗೊತ್ತು ಮಾಡುವುದು, ಹದಿನಾಲ್ಕು ಕಲಾವಿದರನ್ನು ಒಪ್ಪಿಸುವುದು, ಬಾಗಿಲಲ್ಲಿ ಟಿಕೆಟ್, ರಾತ್ರಿ ಎರಡು ಗಂಟೆಗೆ ಎಲ್ಲರಿಗೂ ಲೆಕ್ಕ ಚುಕ್ತಾ, ಎಲ್ಲವೂ ಅವನದೇ. ‘ಇದನ್ನು ತೆಗೆದುಬಿಡಪ್ಪ’ ಅಂದೆ. ತೆಗೆದ. ತೆಗೆದ ಮೇಲೆ ಆ ಎರಡು ವರ್ಷ ಖಾಲಿ ಕಾಣತೊಡಗಿತು. ಸಂದರ್ಶನಕ್ಕೆ ಹೋದ ಕಡೆಯೆಲ್ಲ ‘ಆಗ ಏನು ಮಾಡ್ತಿದ್ದೆ’ ಅಂತ ಕೇಳಿದರಂತೆ. ಆಮೇಲೆ ನನ್ನ ಸಹೋದ್ಯೋಗಿಯೊಬ್ಬರು ಅವನನ್ನು ಕೂರಿಸಿಕೊಂಡು, ‘ಮಾಸಿಕ ರಂಗಪ್ರದರ್ಶನದ ನಿರ್ಮಾಪಕ’ ಅಂತ ಬರೆಸಿ, ಬಜೆಟ್ ಎಷ್ಟು, ಎಷ್ಟು ಜನ ಬರುತ್ತಿದ್ದರು ಅನ್ನುವುದನ್ನೆಲ್ಲ ಸೇರಿಸಿದರು. ದೊಡ್ಡ ಸಮಾವೇಶಗಳನ್ನು ನಡೆಸಿಕೊಡುವ ಕಂಪನಿಯಲ್ಲಿ ಅವನಿಗೆ ಕೆಲಸ ಸಿಕ್ಕಿತು. ಸುದ್ದಿ ಹೇಳಲು ನನ್ನ ಹತ್ತಿರವೂ ಬಂದಿದ್ದ. ‘ನೀವು ನನ್ನ ಒಳ್ಳೆಯದಕ್ಕೇ ಹೇಳಿದಿರಿ ಅಂತ ಗೊತ್ತು’ ಅಂದ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಹಾಗಾಗಿ ನಿಮ್ಮ ಮಗ ಶೋನಲ್ಲಿ ನಿಜವಾಗಿ ಏನೇನು ಮಾಡುತ್ತಾನೆ ಅಂತ ಕೇಳಿ. ಉಡುಪು ತಾನೇ ಹೊಲಿಯುತ್ತಾನಾ? ಮೈಕ್ ಹಿಡಿದು ಸಭೆ ನಡೆಸುತ್ತಾನಾ? ಟಿಕೆಟ್ ಮಾರಲು ವೆಬ್‌ಸೈಟ್ ಕಟ್ಟಿದ್ದಾನಾ? ಕಟ್ಟಿದ್ದರೆ ರೆಸ್ಯೂಮೆಯಲ್ಲಿ ಮೊದಲ ಸಾಲು ಅದೇ ಆಗಲಿ. ಡ್ರ್ಯಾಗ್ ಅನ್ನುವ ಪದ ಬರೆಯಬೇಕೋ ಬೇಡವೋ ಅವನು ತೀರ್ಮಾನಿಸಲಿ, ಅದು ಅವನ ಹೆಸರು, ಅವನ ಬದುಕು.

ಕಾನೂನಿನ ಮಾತು: 2020ರ ಜೂನ್ 15ರಂದು ಸುಪ್ರೀಂ ಕೋರ್ಟ್ ಬಾಸ್ಟಾಕ್ ಪ್ರಕರಣದಲ್ಲಿ ಆರು–ಮೂರರ ಬಹುಮತದಿಂದ ಒಂದು ತೀರ್ಪು ಕೊಟ್ಟಿತು. ಸಲಿಂಗಿ ಎಂಬ ಕಾರಣಕ್ಕೋ ಟ್ರಾನ್ಸ್‌ಜೆಂಡರ್ ಎಂಬ ಕಾರಣಕ್ಕೋ ಕೆಲಸದಿಂದ ತೆಗೆದರೆ ಅದು 1964ರ ನಾಗರಿಕ ಹಕ್ಕು ಕಾಯ್ದೆಯ ಉಲ್ಲಂಘನೆ ಅಂತ. ಅರ್ಜಿ ಹಾಕಿದವರಲ್ಲಿ ಜೆರಾಲ್ಡ್ ಬಾಸ್ಟಾಕ್ ಕೆಲಸ ಕಳೆದುಕೊಂಡಿದ್ದು ಸಲಿಂಗಿಗಳ ಸಾಫ್ಟ್‌ಬಾಲ್ ತಂಡ ಸೇರಿದ ಮೇಲೆ. ಈ ಕಾಯ್ದೆ 15 ಅಥವಾ ಹೆಚ್ಚು ನೌಕರರಿರುವ ಕಡೆ ಅನ್ವಯಿಸುತ್ತದೆ. ಆದರೆ ‘ಡ್ರ್ಯಾಗ್ ಪ್ರದರ್ಶನ ಕೊಡುತ್ತಾನೆ’ ಅನ್ನುವುದೊಂದೇ ಕಾರಣ ಆದಾಗ ರಕ್ಷಣೆ ಅಷ್ಟು ಗಟ್ಟಿಯಲ್ಲ. ಕೆಲಸದ ಹೊತ್ತಿನಾಚೆ ಮಾಡುವ ಕಾನೂನುಬದ್ಧ ಚಟುವಟಿಕೆಗೆ ಕೊಲೊರಾಡೊ, ನ್ಯೂಯಾರ್ಕ್‌ನಂಥ ರಾಜ್ಯಗಳಲ್ಲಿ ಪ್ರತ್ಯೇಕ ಕಾನೂನಿದೆ. ಎಲ್ಲ ಕಡೆ ಇಲ್ಲ. ಬಹಳಷ್ಟು ಕಲಾವಿದರು ರಂಗದ ಹೆಸರನ್ನು ಬೇರೆ ಇಟ್ಟುಕೊಳ್ಳುವುದಕ್ಕೆ ಇದೂ ಒಂದು ಕಾರಣ.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. 26 ತುಂಬುವವರೆಗೆ ಅವನು ನಿಮ್ಮ ಆರೋಗ್ಯ ವಿಮೆಯಲ್ಲಿ ಇರಬಹುದು, ಸಿಟ್ಟಿನಲ್ಲಿ ಹೆಸರು ತೆಗೆಸಬೇಡಿ. ಫೆಡರಲ್ ಸಾಲ ಇದ್ದರೆ ಓದು ಮುಗಿದ ಆರು ತಿಂಗಳಿಗೆ ಕಂತು ಶುರುವಾಗುತ್ತದೆ, ಕೆಲಸ ಇಲ್ಲದಿದ್ದರೆ ಆದಾಯಕ್ಕೆ ತಕ್ಕ ಕಂತಿಗೆ ಅರ್ಜಿ ಹಾಕಬೇಕು. ಪ್ರದರ್ಶನಗಳಿಂದ ಖರ್ಚು ಕಳೆದು ವರ್ಷಕ್ಕೆ 400 ಡಾಲರ್ ಉಳಿದರೂ ಸ್ವಉದ್ಯೋಗದ ತೆರಿಗೆ ಲೆಕ್ಕ ಕೊಡಬೇಕು, ಟಿಪ್ಸ್ ಸೇರಿಸಿ. ವಿಗ್ಗು, ಮೇಕಪ್ ಕೊಂಡ ರಸೀತಿಗಳನ್ನು ಇಟ್ಟುಕೊಳ್ಳಲು ಹೇಳಿ.

ನಿಮ್ಮ ಯಜಮಾನರಿಗೆ ಈ ಪುಟ ಓದಿಸಿ. ಇನ್ನೂರು ಸಲ ಬೇಡ ಅನ್ನಿಸಿಕೊಂಡ ಹುಡುಗನಿಗೆ ವಾರದಲ್ಲಿ ಒಂದು ರಾತ್ರಿ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆ ಅವನಿಗೆ ಈಗ ಎಷ್ಟು ಬೇಕಾಗಿದೆ ಅಂತ ಒಮ್ಮೆ ಯೋಚಿಸಿ ಅಂತ ಹೇಳಿ. ಸಾಧ್ಯವಾದರೆ ಒಂದು ಶನಿವಾರ ನೀವಾದರೂ ಹೋಗಿ ನೋಡಿ.

ಪ್ರಶ್ನೆ: ಡ್ರ್ಯಾಗ್ ಅಂದರೂ ಟ್ರಾನ್ಸ್‌ಜೆಂಡರ್ ಅಂದರೂ ಒಂದೇನಾ? ನಮ್ಮ ಯಕ್ಷಗಾನದ ಸ್ತ್ರೀವೇಷದ ಹಾಗೆ ಅಂತ ತಿಳಿದುಕೊಳ್ಳಬಹುದಾ? — ಇಲಿನಾಯ್

ಉತ್ತರ: ಒಂದೇ ಅಲ್ಲ. ಡ್ರ್ಯಾಗ್ ಒಂದು ಪ್ರದರ್ಶನ ಕಲೆ, ಟ್ರಾನ್ಸ್‌ಜೆಂಡರ್ ಅನ್ನುವುದು ಒಬ್ಬ ವ್ಯಕ್ತಿ ತಾನು ಯಾರು ಅಂತ ಅರಿತುಕೊಂಡ ಬಗೆ. ಡ್ರ್ಯಾಗ್ ಮಾಡುವವರಲ್ಲಿ ಟ್ರಾನ್ಸ್‌ಜೆಂಡರ್ ಕಲಾವಿದರೂ ಇದ್ದಾರೆ, ಅಲ್ಲದವರೂ ಇದ್ದಾರೆ. ಸ್ತ್ರೀವೇಷದ ಹೋಲಿಕೆ ಅರ್ಧ ದಾರಿಗೆ ಬರುತ್ತದೆ. ಅಲ್ಲಿ ದ್ರೌಪದಿಯೋ ದಮಯಂತಿಯೋ ಪ್ರಸಂಗದಲ್ಲಿ ಮೊದಲೇ ಇರುತ್ತಾಳೆ, ಕಲಾವಿದ ಅವಳೊಳಗೆ ಹೋಗುತ್ತಾನೆ. ಇಲ್ಲಿ ಪಾತ್ರವನ್ನೂ ಅದರ ಹೆಸರನ್ನೂ ನಾಲಿಗೆಯ ಚುರುಕನ್ನೂ ಕಲಾವಿದರೇ ಹುಟ್ಟಿಸಿಕೊಳ್ಳಬೇಕು, ವರ್ಷಗಟ್ಟಲೆ ಸಾಕಬೇಕು.

ಈ ಕಲೆ ಟೀವಿಯಿಂದ ಬಂದ ಹೊಸ ಶೋಕಿ ಅಂತ ಅನೇಕರು ತಿಳಿದಿದ್ದಾರೆ. ಗುಲಾಮಗಿರಿಯಲ್ಲಿ ಹುಟ್ಟಿದ ವಿಲಿಯಂ ಡಾರ್ಸಿ ಸ್ವಾನ್ ಅನ್ನುವವರು 1880ರ ದಶಕದಲ್ಲಿ ವಾಷಿಂಗ್ಟನ್ ನಗರದಲ್ಲೇ ಇಂಥ ಕೂಟಗಳನ್ನು ನಡೆಸುತ್ತಿದ್ದರು. 1888ರ ಏಪ್ರಿಲ್‌ನಲ್ಲಿ ಪೊಲೀಸರು ನುಗ್ಗಿದಾಗ ಅವರು ಎದುರಿಸಿ ನಿಂತರು. 1961ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಡ್ರ್ಯಾಗ್ ಕಲಾವಿದ ಹೊಸೆ ಸಾರಿಯಾ ನಗರದ ಆಡಳಿತ ಮಂಡಳಿಗೆ ಚುನಾವಣೆಗೇ ನಿಂತರು. ಗೆಲ್ಲಲಿಲ್ಲ, ಆದರೆ 5,000ಕ್ಕೂ ಹೆಚ್ಚು ಮತ ಬಂತು. ಸಲಿಂಗಿಗಳು ಸೇರುವ ಬಾರಿಗೆ ಹೋಗಿದ್ದಕ್ಕೇ ಜನರನ್ನು ಪೊಲೀಸರು ಹಿಡಿದೊಯ್ಯುತ್ತಿದ್ದ ಕಾಲ ಅದು.

ಪ್ರಶ್ನೆ: ನಾನು ಹೋದ ವರ್ಷ ನಾಗರಿಕಳಾದೆ. ನನಗೆ ಯಾವ ಪಕ್ಷವೂ ಇಲ್ಲ. ನವೆಂಬರ್‌ನಲ್ಲಿ ವೋಟು ಹಾಕಿದರೆ ಸಾಲದಾ? ಅದಕ್ಕೆ ಮೊದಲು ಅಭ್ಯರ್ಥಿಗಳನ್ನು ಆರಿಸುವ ಪ್ರೈಮರಿ ಚುನಾವಣೆ ಪಕ್ಷದವರ ಮನೆ ವಿಷಯ ಅಲ್ಲವಾ? — ಟೆಕ್ಸಾಸ್

ಉತ್ತರ: ಸಾಲದಮ್ಮ. ನವೆಂಬರ್‌ಗೆ ಬರುವ ಹೊತ್ತಿಗೆ ಎಷ್ಟೋ ಕ್ಷೇತ್ರಗಳಲ್ಲಿ ಫಲಿತಾಂಶ ಮುಗಿದಿರುತ್ತದೆ. ಒಂದೇ ಪಕ್ಷ ಭದ್ರವಾಗಿರುವ ಕಡೆ ನಿಜವಾದ ಚುನಾವಣೆ ಪ್ರೈಮರಿಯೇ, ಅಲ್ಲಿಗೆ ಬರುವವರು ತೀರಾ ಕಡಿಮೆ. 2022ರ ಜೂನ್ 7ರಂದು ನಮ್ಮ ಕ್ಯಾಲಿಫೋರ್ನಿಯಾದ ಪ್ರೈಮರಿಗೆ ಬಂದವರು ನೋಂದಾಯಿಸಿಕೊಂಡ ಮತದಾರರಲ್ಲಿ ಸುಮಾರು ಮೂರನೇ ಒಂದು ಭಾಗ. ನಾನು ಕೂತಿದ್ದ ಮತಗಟ್ಟೆಯಲ್ಲಿ ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ನಮಗೆ ಮಾಡಲು ಕೆಲಸವೇ ಇರಲಿಲ್ಲ. ಬಂದವರಲ್ಲಿ ಮೂವತ್ತರ ಒಳಗಿನವರು ಎಷ್ಟು ಅಂತ ಬೆರಳಲ್ಲಿ ಎಣಿಸಬಹುದಿತ್ತು. ಅವತ್ತೇ ಅನ್ನಿಸಿತು, ಸಾಲ, ಬಾಡಿಗೆ, ಕೆಲಸ ಎಲ್ಲದರ ಭಾರ ಹೊತ್ತವರೇ ಇಲ್ಲಿ ಇಲ್ಲವಲ್ಲ ಅಂತ.

ಅವತ್ತು ಬರ್ಬ್ಯಾಂಕ್, ಸಿಲ್ವರ್ ಲೇಕ್ ಸೇರಿದ ಕ್ಷೇತ್ರದ ಮತಪತ್ರದಲ್ಲಿ ಸಂಸದ ಆ್ಯಡಂ ಶಿಫ್ ಜೊತೆ ‘ಮೇಬಿ ಎ. ಗರ್ಲ್’ ಎಂಬ ಹೆಸರಿನ ಡ್ರ್ಯಾಗ್ ಕಲಾವಿದರೂ ಇದ್ದರು. 2019ರಲ್ಲಿ ಸಿಲ್ವರ್ ಲೇಕ್‌ನ ಬಡಾವಣೆ ಮಂಡಳಿಗೆ ಆಯ್ಕೆಯಾದವರು ಅವರು. ಕ್ಯಾಲಿಫೋರ್ನಿಯಾದಲ್ಲಿ ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ, ಪ್ರೈಮರಿಗೆ ಪಕ್ಷದ ಗೋಡೆ ಇಲ್ಲ. ಎಲ್ಲರೂ ಒಂದೇ ಪಟ್ಟಿಯಲ್ಲಿ, ಮೊದಲ ಇಬ್ಬರು ನವೆಂಬರ್‌ಗೆ. 2010ರಲ್ಲಿ ಮತದಾರರೇ ಒಪ್ಪಿದ ನಿಯಮ ಅದು. ಶಿಫ್ ಬಹಳ ಮುಂದಿದ್ದರು, ಎರಡನೆಯವರಾಗಿ ಇವರು ದಾಟಿದರು. ಸೋತರು ನಿಜ, ಆದರೆ ನವೆಂಬರ್‌ನಲ್ಲಿ ನೂರಕ್ಕೆ 29ರ ಹತ್ತಿರ ಮತ ಅವರಿಗೆ ಬಿತ್ತು.

ಇದೇ ಬಾಗಿಲು ಇನ್ನೊಂದು ದಿಕ್ಕಿಗೂ ತೆರೆಯುತ್ತದೆ. 2023ರ ಮಾರ್ಚ್‌ನಲ್ಲಿ ಟೆನೆಸ್ಸಿಯ ರಾಜ್ಯಪಾಲ ಬಿಲ್ ಲೀ, ಡ್ರ್ಯಾಗ್ ಪ್ರದರ್ಶನಗಳಿಗೆ ಅಡ್ಡಿಯಾಗುವ ಕಾಯ್ದೆಗೆ ಸಹಿ ಹಾಕಿದರು. ಮೆಂಫಿಸ್‌ನ ಒಂದು ನಾಟಕ ತಂಡ ಕೋರ್ಟಿಗೆ ಹೋಯಿತು. ಜೂನ್‌ನಲ್ಲಿ ಫೆಡರಲ್ ನ್ಯಾಯಾಧೀಶರು ಅದು ಸಂವಿಧಾನಬಾಹಿರ ಅಂದರು. 2024ರ ಜುಲೈನಲ್ಲಿ ಮೇಲಿನ ಕೋರ್ಟ್, ದಾವೆ ಹೂಡುವ ಅರ್ಹತೆಯೇ ಆ ತಂಡಕ್ಕಿಲ್ಲ ಅಂತ ತೀರ್ಪನ್ನು ರದ್ದು ಮಾಡಿತು. ಇಂಥ ಮಸೂದೆ ತರುವ ಶಾಸಕರಲ್ಲಿ ಬಹಳ ಜನಕ್ಕೆ ನವೆಂಬರ್‌ನ ಭಯವಿಲ್ಲ, ತಮ್ಮದೇ ಪಕ್ಷದ ಪ್ರೈಮರಿಯಲ್ಲಿ ತಮಗಿಂತ ಬಿಗಿಯಾದವರು ಎದುರು ನಿಂತಾರು ಅನ್ನುವ ಭಯ ಅಂತ ನನ್ನ ಅಭಿಪ್ರಾಯ. ಹೊಸ ಪದವೀಧರರಿಗೆ ಕೆಲಸ ಏಕಿಲ್ಲ ಅನ್ನುವುದಕ್ಕೆ ಉತ್ತರ ಕೊಡುವುದು ಕಷ್ಟ, ವೇಷ ಹಾಕಿದವರ ಮೇಲೆ ಬೆರಳು ತೋರಿಸುವುದು ಸುಲಭ. ನನಗೆ ಕೋಪ ಬರುವುದು ಇಲ್ಲೇ.

ನೀವಿರುವ ಟೆಕ್ಸಾಸ್‌ನಲ್ಲಿ ಪಕ್ಷಕ್ಕೆ ನೋಂದಣಿಯೇ ಇಲ್ಲ. ಪ್ರೈಮರಿ ದಿನ ಯಾವ ಪಕ್ಷದ ಮತಪತ್ರ ಬೇಕು ಅಂತ ಕೇಳುತ್ತಾರೆ, ಒಂದನ್ನು ಆರಿಸಿಕೊಳ್ಳಬೇಕು. ಸಮಸಂಖ್ಯೆಯ ವರ್ಷಗಳಲ್ಲಿ ಮಾರ್ಚ್‌ನ ಮೊದಲ ಮಂಗಳವಾರ ನಡೆಯುತ್ತದೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಮೇ ತಿಂಗಳಲ್ಲಿ ಮರುಸುತ್ತು, ಅಲ್ಲಿ ಮಾತ್ರ ಪಕ್ಷ ಬದಲಿಸುವಂತಿಲ್ಲ. ಮತದಾರರ ಪಟ್ಟಿಗೆ ಹೆಸರು 30 ದಿನ ಮೊದಲೇ ಸೇರಿರಬೇಕು. ನವೆಂಬರ್‌ನಲ್ಲಿ ನಿಮಗೆ ಇಷ್ಟ ಬಂದವರಿಗೆ ಹಾಕಬಹುದು, ಮಾರ್ಚ್‌ನ ಆಯ್ಕೆ ನಿಮ್ಮನ್ನು ಕಟ್ಟಿಹಾಕುವುದಿಲ್ಲ.

ಪ್ರಶ್ನೆ: ಅಕ್ಕಾ, ಡೇಟಾ ಸೈನ್ಸ್‌ನಲ್ಲಿ ಎಂ.ಎಸ್. ಮುಗಿಸಿ ಮೊದಲ ವರ್ಷದ ಒಪಿಟಿಯಲ್ಲಿದ್ದೇನೆ (ಓದು ಮುಗಿಸಿದ ವಿದೇಶಿ ವಿದ್ಯಾರ್ಥಿಗಳಿಗೆ ಇಲ್ಲಿ ಸಿಗುವ ತಾತ್ಕಾಲಿಕ ಕೆಲಸದ ಅನುಮತಿ). ಕೆಲಸವಿಲ್ಲದೆ ಇವತ್ತಿಗೆ 70 ದಿನ. ಪ್ರೈಮರಿಗೆ ನಿಂತ ಒಬ್ಬರ ಪ್ರಚಾರಕ್ಕೆ ಸಂಬಳವಿಲ್ಲದೆ ದುಡಿಯಬಹುದಾ? ಗೆಳೆಯರ ಡ್ರ್ಯಾಗ್ ಶೋಗೆ ಸೌಂಡ್ ನೋಡಿಕೊಂಡರೆ ರಾತ್ರಿಗೆ 150 ಡಾಲರ್ ಕೊಡುತ್ತಾರಂತೆ, ಮಾಡಲಾ? — ನ್ಯೂಜೆರ್ಸಿ

ಉತ್ತರ: 150 ಡಾಲರ್ ಮುಟ್ಟಬೇಡಪ್ಪ. ಒಪಿಟಿಯಲ್ಲಿ ಸಂಪಾದನೆಯ ಕೆಲಸ ನೀನು ಓದಿದ ವಿಷಯಕ್ಕೆ ಸಂಬಂಧಿಸಿರಲೇಬೇಕು, ಸೌಂಡ್ ಅದಕ್ಕೆ ಸೇರುವುದಿಲ್ಲ. ಪ್ರೇಕ್ಷಕನಾಗಿ ಹೋಗಿ ಕೂತು ಚಪ್ಪಾಳೆ ತಟ್ಟು, ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಪ್ರಚಾರದಲ್ಲಿ ವಿದೇಶಿ ಪ್ರಜೆಗಳು ಸಂಬಳವಿಲ್ಲದೆ ಸ್ವಯಂಸೇವಕರಾಗಿ ದುಡಿಯಲು ಫೆಡರಲ್ ಚುನಾವಣಾ ಕಾನೂನು ಅವಕಾಶ ಕೊಡುತ್ತದೆ. ದೇಣಿಗೆ ಒಂದು ಡಾಲರ್ ಕೂಡ ಕೊಡಬಾರದು, ಹಣ ಹೇಗೆ ಖರ್ಚು ಮಾಡಬೇಕು ಅನ್ನುವ ತೀರ್ಮಾನದಲ್ಲಿ ಪಾಲ್ಗೊಳ್ಳಬಾರದು. ಯಾರಾದರೂ ಮತದಾರರ ನೋಂದಣಿಯ ಫಾರಂ ಕೈಗಿಟ್ಟರೆ ಸಹಿ ಹಾಕಬೇಡ. ನಾಗರಿಕ ಅಂತ ಸುಳ್ಳು ಹೇಳಿದಂತಾಗುತ್ತದೆ, ಮುಂದೆ ಗ್ರೀನ್ ಕಾರ್ಡಿನ ದಾರಿಯೇ ಮುಚ್ಚಬಹುದು.

ನಿನಗೆ ಹೆಚ್ಚು ಮುಖ್ಯವಾದದ್ದು ದಿನದ ಲೆಕ್ಕ. ಮೊದಲ ಒಪಿಟಿಯಲ್ಲಿ ನಿರುದ್ಯೋಗಕ್ಕೆ ಸಿಗುವುದು ಒಟ್ಟು 90 ದಿನ, ನಿನಗೆ ಉಳಿದಿರುವುದು 20. ನಿನ್ನ ವಿಷಯಕ್ಕೆ ಸಂಬಂಧಿಸಿದ, ವಾರಕ್ಕೆ ಕನಿಷ್ಠ 20 ಗಂಟೆಯ ಕೆಲಸ ಸಂಬಳವಿಲ್ಲದ್ದಾದರೂ ಕಾರ್ಮಿಕ ಕಾನೂನಿಗೆ ವಿರುದ್ಧವಾಗಿರದಿದ್ದರೆ ಈ ಹಂತದಲ್ಲಿ ಲೆಕ್ಕಕ್ಕೆ ಬರಬಹುದು. ಆಮೇಲೆ ವಿಜ್ಞಾನ, ತಂತ್ರಜ್ಞಾನದಂಥ ವಿಷಯ ಓದಿದವರಿಗೆ ಸಿಗುವ 24 ತಿಂಗಳ ಸ್ಟೆಮ್ ವಿಸ್ತರಣೆಯಲ್ಲಿ ಹಾಗಿಲ್ಲ, ಅಲ್ಲಿ ಸಂಬಳ ಇರಲೇಬೇಕು. ಪ್ರಚಾರ ಕಚೇರಿಯಲ್ಲಿ ಮತದಾರರ ಡೇಟಾ ವಿಶ್ಲೇಷಣೆ ನಿನ್ನ ಓದಿಗೆ ಹೊಂದುತ್ತದೆ ಅಂತ ನನಗೆ ಕಾಣುತ್ತದೆ, ಆದರೆ ಹೇಳಬೇಕಾದವರು ನಿನ್ನ ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳ ವಿಷಯ ನೋಡಿಕೊಳ್ಳುವ ಅಧಿಕಾರಿ, ಅಂದರೆ ಡಿಎಸ್‌ಒ. ಏನು ಕೆಲಸ, ವಾರಕ್ಕೆ ಎಷ್ಟು ಗಂಟೆ, ಮೇಲ್ವಿಚಾರಕರು ಯಾರು ಅಂತ ಬರೆದು ಅವರಿಗೆ ಇಮೇಲ್ ಕಳಿಸು, ಒಪ್ಪಿಗೆಯನ್ನು ಬರವಣಿಗೆಯಲ್ಲೇ ಪಡೆದುಕೋ. ಈ ಉತ್ತರವನ್ನು ಅಚ್ಚಿಗೆ ಮೊದಲೇ ನಿನ್ನ ವಿಳಾಸಕ್ಕೆ ಕಳಿಸಿದ್ದೇನೆ. ಪತ್ರಿಕೆ ಬರುವವರೆಗೆ ಕಾಯುವಷ್ಟು ದಿನ ನಿನ್ನ ಹತ್ತಿರ ಇಲ್ಲ.