ಸಾಮಾಜಿಕ ದೃಷ್ಟಿಯ ನರವಿಜ್ಞಾನದಲ್ಲಿ ಪಿಎಚ್.ಡಿ. ಮಾಡಲು ಮೊದಲು ವಿದೇಶದಲ್ಲಿ ಇನ್ನೊಂದು ಮಾಸ್ಟರ್ಸ್ ಮಾಡಬೇಕೇ?

ಮನಃಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿರುವ ನೀವು, ಮೊದಲು ನೆದರ್ಲೆಂಡ್ಸ್‌ನಲ್ಲಿ ಎರಡು ವರ್ಷದ ಇನ್ನೊಂದು ಮಾಸ್ಟರ್ಸ್ ಮಾಡಿ, ಅಲ್ಲಿಯೇ ಇದ್ದುಕೊಂಡು ಪಿಎಚ್.ಡಿ. ಹುದ್ದೆ ಹುಡುಕುವುದು ಜಾಣತನವಲ್ಲವೇ ಎಂದು ಕೇಳಿದ್ದೀರಿ. 2016ರಲ್ಲಿ ನಾನು ಹಾಕಿಕೊಂಡಿದ್ದ ಲೆಕ್ಕವೂ ಇದೇ ಆಗಿತ್ತು.

ನಾನು ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಗ ತರಗತಿಯಲ್ಲಿ ಯೊಹಾನ್ಸನ್ ಅವರ ಪ್ರಯೋಗದ ತುಣುಕೊಂದನ್ನು ತೋರಿಸಿದ್ದರು. ಸ್ವೀಡನ್ನಿನ ಈ ವಿಜ್ಞಾನಿ 1973ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ವ್ಯಕ್ತಿಯ ಕೀಲುಗಳ ಜಾಗದಲ್ಲಿ ಬೆಳಕಿನ ಚುಕ್ಕೆಗಳನ್ನಷ್ಟೇ ಉಳಿಸಿ ಮಿಕ್ಕೆಲ್ಲವನ್ನೂ ಕತ್ತಲಾಗಿಸಿದ್ದರು. ಚುಕ್ಕೆಗಳು ನಿಂತಾಗ ಏನೂ ಅರ್ಥವಾಗುವುದಿಲ್ಲ. ಚಲಿಸಿದ ಮರುಕ್ಷಣವೇ ಒಬ್ಬ ಮನುಷ್ಯ ನಡೆಯುತ್ತಿರುವುದು ಕಾಣುತ್ತದೆ. ಅಂದು ಸಂಜೆ ಬಸ್ ನಿಲ್ದಾಣದ ಆಚೆ ಬದಿಯಲ್ಲಿ ನಿಂತಿದ್ದ ಇಬ್ಬರು ಜಗಳವಾಡುತ್ತಿದ್ದಾರೆಂದು, ಒಂದು ಮಾತೂ ಕೇಳಿಸದಿದ್ದರೂ, ನನಗೆ ತಿಳಿದದ್ದು ಹೇಗೆ ಎಂಬ ಪ್ರಶ್ನೆ ಹುಟ್ಟಿತು. ಆ ಪ್ರಶ್ನೆಯೇ ಮುಂದೆ ನನ್ನ ವೃತ್ತಿಯಾಯಿತು. ಇತರರ ದೇಹ, ಚಲನೆ, ಅವರ ನಡುವಿನ ಸಂಬಂಧ ಇವನ್ನು ಮಿದುಳು ಬರೀ ನೋಟದಿಂದ ಹೇಗೆ ಗ್ರಹಿಸುತ್ತದೆ ಎಂಬ ಅಧ್ಯಯನವೇ ಸಾಮಾಜಿಕ ದೃಷ್ಟಿ. (ಕನ್ನಡದಲ್ಲಿ ‘ಸಾಮಾಜಿಕ ದೃಷ್ಟಿ’ ಎಂದರೆ ಬೇರೆಯೇ ಅರ್ಥ ಬರುವುದರಿಂದ, ನಾನು ಸಮಾಜಸೇವೆಯಲ್ಲಿ ಡಾಕ್ಟರೇಟ್ ಮಾಡುತ್ತಿದ್ದೇನೆಂದು ನನ್ನ ಸೋದರಮಾವ ಇಂದಿಗೂ ಎಲ್ಲರಿಗೂ ಹೇಳುತ್ತಾರೆ.)

ಅಪ್ಪನ ನಿವೇಶನವನ್ನು ಅಡವಿಟ್ಟು, 18 ಲಕ್ಷ ರೂಪಾಯಿ ಶಿಕ್ಷಣ ಸಾಲ ಪಡೆದು 2016ರ ಸೆಪ್ಟೆಂಬರಿನಲ್ಲಿ ನೆದರ್ಲೆಂಡ್ಸ್ ತಲುಪಿದೆ. ಓದಿನ ಬಗ್ಗೆ ನನಗೆ ದೂರಿಲ್ಲ. ಎರಡನೆಯ ವರ್ಷದ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು, ಎದುರುಬದುರಾಗಿ ನಿಂತ ಇಬ್ಬರನ್ನು ಮಿದುಳು ಒಂದು ಜೋಡಿಯಾಗಿ ಕಾಣುತ್ತದೆಯೇ ಅಥವಾ ಎರಡು ಬಿಡಿ ದೇಹಗಳಾಗಿ ಕಾಣುತ್ತದೆಯೇ ಎಂಬ ಪ್ರಶ್ನೆಯನ್ನು. ಆಗಷ್ಟೇ, 2017ರಲ್ಲಿ, ಲಿಯುಬಾ ಪಾಪೆಯೊ ಮತ್ತು ಸಂಗಡಿಗರು, ಮುಖಾಮುಖಿಯಾಗಿ ನಿಂತ ಜೋಡಿಯ ಚಿತ್ರವನ್ನು ತಲೆಕೆಳಗು ಮಾಡಿದಾಗ ಅದನ್ನು ಗುರುತಿಸುವುದು ಬೆನ್ನಿಗೆ ಬೆನ್ನು ಹಾಕಿ ನಿಂತ ಜೋಡಿಗಿಂತ ಹೆಚ್ಚು ಕೆಡುತ್ತದೆ ಎಂದು ತೋರಿಸಿದ್ದರು; ಮುಖಾಮುಖಿ ನಿಂತವರನ್ನು ಮಿದುಳು ಒಂದೇ ಘಟಕವಾಗಿ ನೋಡುತ್ತದೆ ಎಂಬುದಕ್ಕೆ ಇದು ಸೂಚನೆ. ಅದೇ ವರ್ಷ ಲೈಲಾ ಇಸಿಕ್, ನ್ಯಾನ್ಸಿ ಕಾನ್ವಿಶರ್ ಮತ್ತು ಸಂಗಡಿಗರ, ಮಿದುಳಿನ ಚಟುವಟಿಕೆಯನ್ನು ಅಳೆಯುವ ಎಫ್‌ಎಂಆರ್‌ಐ ಅಧ್ಯಯನವೊಂದು, ಕಿವಿಯ ಮೇಲೆ ತುಸು ಹಿಂದಕ್ಕೆ ಬರುವ ಸುಪೀರಿಯರ್ ಟೆಂಪೊರಲ್ ಸಲ್ಕಸ್ ಎಂಬ ಮಡಿಕೆಯ ಹಿಂಭಾಗದಲ್ಲಿ, ಇಬ್ಬರು ಪರಸ್ಪರ ವ್ಯವಹರಿಸುವುದನ್ನು ನೋಡಿದಾಗ ಹೆಚ್ಚು ಪ್ರತಿಕ್ರಿಯಿಸುವ ಭಾಗವಿದೆ ಎಂದು ಪ್ರಕಟಿಸಿತ್ತು. ಕ್ಷೇತ್ರ ಬಿಸಿಯಾಗಿತ್ತು, ನಾನು ಸರಿಯಾದ ಸಮಯಕ್ಕೆ ಸರಿಯಾದ ಜಾಗದಲ್ಲಿದ್ದೇನೆಂದು ಭಾವಿಸಿದ್ದೆ.

2018ರ ಆರಂಭದಲ್ಲಿ ಐರೋಪ್ಯ ಒಕ್ಕೂಟದ ಮೇರಿ ಸ್ಕ್ಲೊಡೊವ್ಸ್ಕಾ ಕ್ಯೂರಿ ಯೋಜನೆಯಡಿ ಇದೇ ವಿಷಯದ ತರಬೇತಿ ಜಾಲವೊಂದರ ಪ್ರಕಟಣೆ ಬಂತು. ಇಂಥ ಜಾಲದಲ್ಲಿ ಹಲವು ದೇಶಗಳ ಪ್ರಯೋಗಾಲಯಗಳು ಸೇರಿರುತ್ತವೆ. ಒಂದೊಂದಕ್ಕೂ ಒಬ್ಬಿಬ್ಬರು ಪಿಎಚ್.ಡಿ. ಸಂಶೋಧಕರು, ಮೂರು ವರ್ಷ ಪೂರ್ಣ ವೇತನ. ಅದರಲ್ಲಿ ಒಂದು ಹುದ್ದೆ ನಾನಿದ್ದ ಊರಿನಲ್ಲೇ, ನನಗೆ ಪರಿಚಯವಿದ್ದ ಪ್ರಯೋಗಾಲಯದಲ್ಲೇ ಇತ್ತು. ಸಂದರ್ಶನವೂ ಚೆನ್ನಾಗಿಯೇ ನಡೆಯಿತು. ಮುಖಾಮುಖಿ ಜೋಡಿಯಲ್ಲಿ ಮುಖ ಮತ್ತು ಕೈಗಳು ಪರದೆಯ ನಡುವಿಗೆ ಬರುತ್ತವೆ, ಬೆನ್ನು ಹಾಕಿದಾಗ ಅಂಚಿಗೆ ಸರಿಯುತ್ತವೆ. ಹಾಗಿದ್ದರೆ ನಿಮ್ಮ ಪ್ರಬಂಧದಲ್ಲಿ ಅಳೆದದ್ದು ಸಂಬಂಧವನ್ನೋ, ಈ ಸ್ಥಾನಪಲ್ಲಟವನ್ನೋ ಎಂದು ಸಂದರ್ಶಕರು ಕೇಳಿದರು. ಚಿತ್ರವನ್ನು ತಲೆಕೆಳಗು ಮಾಡಿದರೂ ಯಾವ ಅಂಗ ನಡುವಿನಲ್ಲಿದೆ ಎಂಬುದು ಬದಲಾಗುವುದಿಲ್ಲ, ಆದ್ದರಿಂದ ವ್ಯತ್ಯಾಸವು ನೆಟ್ಟಗಿನ ಚಿತ್ರದಲ್ಲಿ ಮಾತ್ರ ಕಂಡರೆ ಕಾರಣ ಸ್ಥಾನವಲ್ಲ ಎಂದು ಉತ್ತರಿಸಿದೆ. ಮೂರು ದಿನಕ್ಕೆ ಆಯ್ಕೆಯಾದ ಸುದ್ದಿ ಬಂತು. ಅಪ್ಪ ಊರಿನಲ್ಲಿ ಪೇಡ ಹಂಚಿಯೂ ಬಿಟ್ಟರು.

ಎರಡು ವಾರದ ಬಳಿಕ ಸಿಬ್ಬಂದಿ ವಿಭಾಗದವರು ಹಿಂದಿನ ಮೂರು ವರ್ಷ ಎಲ್ಲೆಲ್ಲಿ ವಾಸವಾಗಿದ್ದೆ ಎಂಬುದಕ್ಕೆ ದಾಖಲೆ ಕೇಳಿದರು.

ನಿಯಮ ಹೀಗಿದೆ, ದಯವಿಟ್ಟು ನಿಧಾನವಾಗಿ ಓದಿ. ನೇಮಕವಾಗುವ ದಿನದಿಂದ ಹಿಂದಕ್ಕೆ ಎಣಿಸಿದರೆ ಬರುವ 36 ತಿಂಗಳುಗಳಲ್ಲಿ, ಹುದ್ದೆ ಕೊಡುವ ಸಂಸ್ಥೆ ಇರುವ ದೇಶದಲ್ಲಿ ನೀವು 12 ತಿಂಗಳಿಗಿಂತ ಹೆಚ್ಚು ಕಾಲ ವಾಸವಾಗಿರಬಾರದು ಅಥವಾ ಮುಖ್ಯ ಚಟುವಟಿಕೆ ನಡೆಸಿರಬಾರದು. ಸಂಶೋಧಕರು ದೇಶದಿಂದ ದೇಶಕ್ಕೆ ಸಂಚರಿಸಬೇಕೆಂಬುದೇ ಯೋಜನೆಯ ಉದ್ದೇಶವಾದ್ದರಿಂದ ಇದರಲ್ಲಿ ರಿಯಾಯಿತಿ ಕೇಳಿ ಪ್ರಯೋಜನವಿಲ್ಲ. ನಾನು ಬಂದದ್ದು ಓದಲು, ಕೆಲಸಕ್ಕಲ್ಲ ಎಂದು ವಾದಿಸಿದೆ. ಮುಖ್ಯ ಚಟುವಟಿಕೆ ಎಂಬುದರಲ್ಲಿ ಓದೂ ಸೇರುತ್ತದೆ. ನನ್ನ ಪೌರತ್ವ ಭಾರತದ್ದು ಎಂದೆ. ಪೌರತ್ವಕ್ಕೂ ಈ ನಿಯಮಕ್ಕೂ ಸಂಬಂಧವೇ ಇಲ್ಲ. ಅರ್ಜಿ ಹಾಕಿದ ದಿನದಿಂದ ಎಣಿಸಿದರೆ ಏನಾದರೂ ಉಳಿಯಬಹುದೇ ಎಂದು ನೋಡಿದೆ. ಎಣಿಕೆ ಕೆಲಸಕ್ಕೆ ಸೇರುವ ದಿನದಿಂದ. 2018ರ ಅಕ್ಟೋಬರ್ ಒಂದರಂದು ಸೇರುವುದಾದರೆ, ಹಿಂದಿನ 36 ತಿಂಗಳಲ್ಲಿ ನಾನು ಆ ದೇಶದಲ್ಲಿ ಕಳೆದಿರುತ್ತಿದ್ದದ್ದು 24 ತಿಂಗಳು. ಮಿತಿಯ ಎರಡರಷ್ಟು!

ನನಗೆ ಇಂದಿಗೂ ಚುಚ್ಚುವುದು ಆ ನಿಯಮವಲ್ಲ. ಎಣಿಕೆ ನಡೆಯುವುದು ಆತಿಥ್ಯ ನೀಡುವ ದೇಶಕ್ಕೆ ಮಾತ್ರ. ಅದೇ ಜಾಲದ ಜರ್ಮನಿಯ ಹುದ್ದೆಗೆ, ಇಟಲಿಯ ಹುದ್ದೆಗೆ ನಾನು ಸಂಪೂರ್ಣ ಅರ್ಹನಾಗಿದ್ದೆ, ಆದರೆ ಅವುಗಳಿಗೆ ಅರ್ಜಿಯನ್ನೇ ಹಾಕಿರಲಿಲ್ಲ. ಇಲ್ಲಿಯೇ ಇದ್ದೇನೆ, ಮನೆಯಿದೆ, ಪ್ರಾಧ್ಯಾಪಕರು ಬಲ್ಲರು, ಯಂತ್ರದ ಕೋಣೆಯ ಬೀಗದ ಸಂಖ್ಯೆಯೂ ಗೊತ್ತಿದೆ ಎಂಬ ಧೈರ್ಯದಿಂದ ಒಂದೇ ಅರ್ಜಿ ಕಳಿಸಿದ್ದೆ. ಯಾವುದನ್ನು ನನ್ನ ಬಲವೆಂದು ಎಣಿಸಿದ್ದೆನೋ ಅದೇ ಅನರ್ಹತೆಯಾಯಿತು. ಅರ್ಹತೆಯ ಷರತ್ತುಗಳು ಆ ಪ್ರಕಟಣೆಯ ಎರಡನೆಯ ಪುಟದಲ್ಲಿಯೇ ಇದ್ದವು. ನಾನು ಯೋಜನೆಯ ವಿವರಣೆಯನ್ನು ಐದಾರು ಸಲ ಓದಿದ್ದೆ, ಆ ಪುಟವನ್ನು ಒಮ್ಮೆಯೂ ಓದಿರಲಿಲ್ಲ.

ಆಗಸ್ಟ್ ಕೊನೆಗೆ ಬೆಂಗಳೂರಿಗೆ ಮರಳಿ, ದೃಷ್ಟಿಯ ಮೇಲೆ ಕೆಲಸ ಮಾಡುವ ಒಂದು ಪ್ರಯೋಗಾಲಯದಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆದೆ. ಸಾಲದ ಕಂತಿಗೂ ಸಂಬಳಕ್ಕೂ ತಾಳೆಯಾಗುತ್ತಿರಲಿಲ್ಲ. ಆದರೂ ನಿಜವಾಗಿ ಕೆಲಸ ಕಲಿತದ್ದು ಅಲ್ಲಿಯೇ: ಪೈಥಾನ್‌ನಲ್ಲಿ ಪ್ರಯೋಗ ಬರೆಯುವುದು, ಕಣ್ಣಿನ ಚಲನೆ ಅಳೆಯುವುದು, ತೀರ್ಮಾನ ಮೊದಲೇ ಮಾಡಿಕೊಂಡು ದತ್ತಾಂಶ ಹುಡುಕದಿರುವುದು. 2020ರ ಅಕ್ಟೋಬರಿನಲ್ಲಿ ಜರ್ಮನಿಯಲ್ಲಿ, ಅಲ್ಲಿನ ಸಾರ್ವಜನಿಕ ಸಂಸ್ಥೆಗಳ ಸಂಶೋಧಕರ ಇ13 ವೇತನಶ್ರೇಣಿಯ 65 ಪ್ರತಿಶತ ವೇತನದ ಪಿಎಚ್.ಡಿ. ಹುದ್ದೆಗೆ ಸೇರಿದೆ. (ಸುಮ್ಮನೆ ಲೆಕ್ಕ ಹಾಕಿ ನೋಡಿದೆ: ಅಂದಿಗೆ ನನ್ನ ಡಚ್ ವಾಸ ಹಿಂದಿನ 36 ತಿಂಗಳಲ್ಲಿ 11 ತಿಂಗಳಿಗೆ ಇಳಿದಿತ್ತು.)

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ನಿಮ್ಮಲ್ಲಿ ಒಂದು ಸ್ನಾತಕೋತ್ತರ ಪದವಿ ಇದೆ. ಯುರೋಪಿನ ಬಹುಪಾಲು ಹುದ್ದೆಗಳು ಕೇಳುವುದು ಅಷ್ಟನ್ನೇ. ಎರಡನೆಯದಕ್ಕೆ ಸಾಲ ಮಾಡುವ ಬದಲು ಭಾರತದಲ್ಲಿಯೇ ಎರಡು ವರ್ಷ ಪ್ರಯೋಗಾಲಯದಲ್ಲಿ ದುಡಿಯಿರಿ; ಈಗ ‘ಡಾಕ್ಟೋರಲ್ ನೆಟ್‌ವರ್ಕ್’ ಎಂಬ ಹೆಸರಿನಲ್ಲಿರುವ ಅದೇ ಕ್ಯೂರಿ ಜಾಲಗಳ ಯಾವ ದೇಶದ ಹುದ್ದೆಗಾದರೂ ನಿಮ್ಮ 12 ತಿಂಗಳ ಖಾತೆ ಖಾಲಿಯಾಗಿಯೇ ಇರುತ್ತದೆ. ಈ ಹುದ್ದೆಗಳು ಯುರಾಕ್ಸೆಸ್ ಜಾಲತಾಣದಲ್ಲಿ ಪ್ರಕಟವಾಗುತ್ತವೆ. ಇನ್ನು, ‘ಯಾವ ವಿಶ್ವವಿದ್ಯಾಲಯದ ಕೋರ್ಸ್ ಉತ್ತಮ’ ಎಂಬುದೂ ಸರಿಯಾದ ಪ್ರಶ್ನೆಯಲ್ಲ, ಏಕೆಂದರೆ ಸಾಮಾಜಿಕ ದೃಷ್ಟಿ ಎಂಬ ವಿಭಾಗವನ್ನು ನಾನು ಎಲ್ಲಿಯೂ ಕಂಡಿಲ್ಲ. ಅದು ಮನಃಶಾಸ್ತ್ರ, ಅರಿವಿನ ವಿಜ್ಞಾನ, ನರವಿಜ್ಞಾನ ವಿಭಾಗಗಳಲ್ಲಿ ಚದುರಿದೆ. ನರವಿಜ್ಞಾನಿಗಳಾದ ಪಿಚರ್ ಮತ್ತು ಉಂಗರ್‌ಲೈಡರ್ 2021ರಲ್ಲಿ, ಕಂಡದ್ದು ‘ಏನು’ ಮತ್ತು ‘ಎಲ್ಲಿ’ ಇದೆ ಎಂದು ಗುರುತಿಸುವ ಮಿದುಳಿನ ಎರಡು ಹಳೆಯ ದೃಶ್ಯಪಥಗಳ ಜೊತೆಗೆ ಸಾಮಾಜಿಕ ಗ್ರಹಿಕೆಗೇ ಮೀಸಲಾದ ಮೂರನೆಯದೊಂದಿದೆ ಎಂದು ವಾದಿಸಿದರು. ಆ ಲೇಖನವನ್ನು ಓದಿ, ಅದನ್ನು ಒಪ್ಪಿ ಅಥವಾ ಅಲ್ಲಗಳೆದು ಬರೆದವರು ಯಾರೆಂದು ನೋಡಿ. ನೀವು ಪತ್ರ ಬರೆಯಬೇಕಾದವರ ಪಟ್ಟಿ ಅಲ್ಲಿಂದಲೇ ಸಿದ್ಧವಾಗುತ್ತದೆ.

ಅಮೆರಿಕದ ದಾರಿ ಬೇರೆ: ಡಿಸೆಂಬರಿನಲ್ಲಿ ಅರ್ಜಿ, ಏಪ್ರಿಲ್ 15ರೊಳಗೆ ನಿಮ್ಮ ಒಪ್ಪಿಗೆ, ಐದಾರು ವರ್ಷದ ಓದು, ಅಲ್ಲಿ ಮಾಸ್ಟರ್ಸ್ ಇಲ್ಲದವರನ್ನೂ ತೆಗೆದುಕೊಳ್ಳುತ್ತಾರೆ. ದೇಶದಲ್ಲಿಯೇ ಮಾಡುವುದಾದರೆ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರವನ್ನೂ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವನ್ನೂ ನೋಡದೆ ವಿಮಾನದ ಟಿಕೆಟ್ ವಿಚಾರಿಸಬೇಡಿ.

ಜೀವಶಾಸ್ತ್ರ ಓದಿಲ್ಲವೆಂಬ ಅಳುಕನ್ನೂ ತೋಡಿಕೊಂಡಿದ್ದೀರಿ. ನನ್ನನ್ನು ಯಾವ ಸಂದರ್ಶನದಲ್ಲೂ ನರಕೋಶದ ರಚನೆ ಕೇಳಲಿಲ್ಲ. ಕೇಳಿದ್ದು ಪ್ರತಿಸಲವೂ ಆ ಎರಡು ದೇಹಗಳ ಸ್ಥಾನದ ಪ್ರಶ್ನೆಯ ಯಾವುದೋ ಒಂದು ರೂಪವನ್ನೇ. ನಿಮ್ಮ ಎಂ.ಎಸ್ಸಿ. ಪ್ರಬಂಧವನ್ನು ತೆಗೆದು, ಅದರ ಫಲಿತಾಂಶಕ್ಕೆ ಬೇರೆ ಯಾವ ಸರಳ ಕಾರಣವಿರಬಹುದೆಂದು ಒಂದು ಪುಟ ಬರೆದಿಟ್ಟುಕೊಳ್ಳಿ, ಮೊದಲ ಪತ್ರದ ಜೊತೆ ಕಳಿಸಲು ಅದೇ ಸಾಕು.