ಓದುಗರ ಪ್ರಶ್ನೆ: ಹೂಳು ತೆಗೆದರೆ ಕಾಲುವೆಯ ಜಗಳ ತೀರುವುದೇ?

ಪ್ರಶ್ನೆ: ನಮ್ಮ ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿದೆ. ಜಲಾಶಯದಲ್ಲಿ ಹೂಳು ತುಂಬಿದ್ದರಿಂದಲೇ ನೀರು ಸಾಲದೆ ಮೇಲ್ಭಾಗದವರಿಗೂ ನಮಗೂ ವರ್ಷವರ್ಷ ಜಗಳವಾಗುತ್ತಿದೆ ಎಂದು ಊರ ಹಿರಿಯರು ಹೇಳುತ್ತಾರೆ. ಹೂಳು ತೆಗೆದರೆ ಜಗಳ ನಿಲ್ಲುವುದೇ?
– ಓದುಗರೊಬ್ಬರು, ಮಾನ್ವಿ ತಾಲ್ಲೂಕು

ಉತ್ತರ: ಹಿರಿಯರ ಮಾತು ಸುಳ್ಳಲ್ಲ, ಆದರೆ ಅರ್ಧ. ಮೊದಲಿಗೆ ಸುಮಾರು 133 ಟಿಎಂಸಿ ಅಡಿ ನೀರು ಹಿಡಿಯುತ್ತಿದ್ದ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ ಈಗ 105ರ ಆಸುಪಾಸಿಗೆ ಇಳಿದಿದೆ. ಕೊರತೆಯೊಂದೇ ಜಗಳಕ್ಕೆ ಕಾರಣವಾಗಿದ್ದರೆ ಅದು ಕರ್ನಾಟಕ ಮತ್ತು ಆಂಧ್ರದ ನಡುವೆಯೇ ಹೆಚ್ಚು ಬಿರುಸಾಗಿರಬೇಕಿತ್ತು; ಹಾಗಾಗಿಲ್ಲ, ಏಕೆಂದರೆ ಅಲ್ಲಿ ಪಾಲು ಗೊತ್ತಾಗಿದೆ. ಕೃಷ್ಣಾ ಕಣಿವೆಯ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿಯ ತೀರ್ಪಿನಂತೆ, ಜಲಾಶಯಕ್ಕೆ ವರ್ಷವಿಡೀ ಹರಿದುಬರುವ ನೀರಿನಲ್ಲಿ ಕರ್ನಾಟಕಕ್ಕೆ 138.99, ಆಂಧ್ರಕ್ಕೆ 73.01 ಟಿಎಂಸಿ ಅಡಿ ಎಂದು ಬರೆದಿಟ್ಟಿದೆ. ಒಳಹರಿವು ಕಡಿಮೆಯಾದ ವರ್ಷ ತುಂಗಭದ್ರಾ ಮಂಡಳಿಯು ಇದ್ದಷ್ಟನ್ನೇ ಅದೇ ಪ್ರಮಾಣದಲ್ಲಿ ಹಂಚುತ್ತದೆ. ತಕರಾರುಗಳು ಇಲ್ಲವೆಂದಲ್ಲ, ಅವು ಬಹುಮಟ್ಟಿಗೆ ಸಭೆಯ ಮೇಜಿನ ಮೇಲೆ ನಡೆಯುತ್ತವೆ.

ನಿಮ್ಮ ಕಾಲುವೆಯ ಒಳಗೆ ಅಂಥ ಲೆಕ್ಕ ಉಳಿದಿಲ್ಲ. ಬರಪೀಡಿತ ಸೀಮೆಯ ಹೆಚ್ಚು ಹೊಲಗಳಿಗೆ ತೆಳುವಾಗಿ ನೀರು ಹರಡಬೇಕೆಂದೇ ಈ ಯೋಜನೆ ರೂಪುಗೊಂಡಿತು. ಅಚ್ಚುಕಟ್ಟಿನ ಬಹುಪಾಲು ಜೋಳದಂಥ ಕಡಿಮೆ ನೀರಿನ ಅರೆನೀರಾವರಿ ಬೆಳೆಗೆ, ಭತ್ತಕ್ಕೆ ಸೀಮಿತ ಭಾಗ ಮಾತ್ರ. ಆದರೆ ಗಂಗಾವತಿ, ಕಾರಟಗಿ ಭಾಗದಲ್ಲಿ ಭತ್ತ ಹಬ್ಬಿತು, ಅಕ್ಕಿ ಗಿರಣಿಗಳು ಎದ್ದವು, ಸಾಲವೂ ಗುತ್ತಿಗೆ ದರವೂ ಭತ್ತದ ಲೆಕ್ಕದಲ್ಲೇ ನಿಂತವು. ಜೋಳಕ್ಕೆ ಬೇಕಾಗುವುದಕ್ಕಿಂತ ಹಲವು ಪಟ್ಟು ನೀರು ಕುಡಿಯುವ ಬೆಳೆ ಮೇಲ್ಭಾಗದಲ್ಲಿ ನಿಂತಿರುವಾಗ, ಕಾಲುವೆಯ 104ನೇ ಮೈಲಿಯಲ್ಲಿ ನೀರಿನ ಮಟ್ಟ ತೋರುವ ಗೇಜ್ ಇಳಿಯುವುದನ್ನು ನೀವು ನೋಡುತ್ತ ಕೂರಬೇಕಾಗುತ್ತದೆ. ಮೇಲ್ಭಾಗದ ರೈತನನ್ನು ಕಳ್ಳನೆನ್ನುವುದು ಸುಲಭ (ಎರಡು ತಲೆಮಾರಿನಿಂದ ನಾಟಿ ಮಾಡಿದವನಿಗೆ ಅದು ಕಳ್ಳತನವೆಂದು ತೋಚುವುದಿಲ್ಲ).

ತುಂಗಭದ್ರಾ ನದಿಗೆ ಅಡ್ಡಲಾಗಿ ಆಣೆಕಟ್ಟೆ ಕಟ್ಟಿ ನೀರನ್ನು ಕಾಲುವೆಗೆ ತಿರುಗಿಸುವ, ನಿಮ್ಮ ಜಿಲ್ಲೆಯದೇ ಆದ ರಾಜೋಳಿಬಂಡಾ ತಿರುವು ಯೋಜನೆಯನ್ನು ನೋಡಿ. ಅದರ 17.1 ಟಿಎಂಸಿ ಅಡಿಯಲ್ಲಿ 1.2 ನಮಗೆ, 15.9 ಈಗಿನ ತೆಲಂಗಾಣಕ್ಕೆ. ಪಾಲು ಕಾಗದದ ಮೇಲಿದ್ದರೂ ತಮ್ಮ ಹೊಲಕ್ಕೆ ನೀರು ತಲುಪುತ್ತಿಲ್ಲವೆಂದು ತೆಲಂಗಾಣದ ರೈತರು ಬಹುಕಾಲದಿಂದ ದೂರುತ್ತಿದ್ದಾರೆ. ಆಣೆಕಟ್ಟೆಯ ಎತ್ತರದ ವಿಚಾರದಲ್ಲಿ ಕರ್ನೂಲು ಭಾಗದವರೊಡನೆ ಘರ್ಷಣೆಯೂ ಆಗಿದೆ.

ಆದ್ದರಿಂದ ಹೂಳು ತೆಗೆದರೂ, ಹೆಚ್ಚುವರಿ ನೀರು ಹಿಡಿದಿಡಲು ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಪ್ರಸ್ತಾವಿತ ಸಮತೋಲನ ಜಲಾಶಯ ಬಂದರೂ, ಅಳತೆಯಿಲ್ಲದೆ ಬಿಟ್ಟ ನೀರು ಮೊದಲ ತೂಬುಗಳಲ್ಲೇ ಮುಗಿಯಬಹುದು. ಕಾಲುವೆಗೆ ನೀರು ಬಿಡುವುದನ್ನು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಯ ಸಭೆಗೆ ಮುನ್ನ ನಿಮ್ಮ ನೀರು ಬಳಕೆದಾರರ ಸಂಘವು ಪ್ರತಿ ಗೇಜಿನ ದಿನವಹಿ ಅಳತೆಯನ್ನು ಬರಹದಲ್ಲಿ ಕೇಳಲಿ. ನಾಟಿಯ ನಂತರ ಕೇಳಿದರೆ ಉತ್ತರ ಬರುವಷ್ಟರಲ್ಲಿ ಪೈರು ಒಣಗಿರುತ್ತದೆ.