ಡಾಂಬರು ಹೊಸದು, ಪೋಲ್ ವೇಗ ಕಡಿಮೆ: ಡೇಟೋನಾದ ಲೆಕ್ಕಾಚಾರ

ಪ್ರಶ್ನೆ: ಅಮೆರಿಕದ ನಾಸ್ಕಾರ್ ಸ್ಟಾಕ್ ಕಾರ್ ರೇಸ್‌ಗಳನ್ನು ಆಸಕ್ತಿಯಿಂದ ನೋಡುತ್ತೇನೆ. 2010ರಲ್ಲಿ ಡೇಟೋನಾ ಟ್ರ್ಯಾಕಿಗೆ ಹೊಸದಾಗಿ ಡಾಂಬರು ಹಾಕಿದ ಮೇಲೆ ಅಲ್ಲಿ ವೇಗ ಹೆಚ್ಚಿತೆಂದು ಹೇಳುತ್ತಾರೆ. ಆದರೆ ಡೇಟೋನಾ 500 ರೇಸ್‌ನ ಪೋಲ್ ವೇಗ (ರೇಸಿಗೆ ಮುನ್ನ ಒಂಟಿಯಾಗಿ ಓಡಿಸುವ ಅರ್ಹತಾ ಸುತ್ತಿನ ಅತ್ಯಧಿಕ ವೇಗ) 2010ರಲ್ಲಿ ಗಂಟೆಗೆ 191.188 ಮೈಲಿ ಇದ್ದದ್ದು 2011ರಲ್ಲಿ 186.089ಕ್ಕೆ ಇಳಿದಿದೆ. ಹಾಗಾದರೆ ಹೊಸ ಡಾಂಬರಿನಿಂದ ವೇಗ ಹೆಚ್ಚುತ್ತದೆಯೇ, ತಗ್ಗುತ್ತದೆಯೇ?

ಉತ್ತರ: ನೀವು ಕೊಟ್ಟಿರುವ ಎರಡೂ ಅಂಕಿಗಳು ಸರಿ. ಆದರೆ ಅವುಗಳ ನಡುವಿನ ವ್ಯತ್ಯಾಸಕ್ಕೆ ಡಾಂಬರು ಕಾರಣವಲ್ಲ. ಡೇಟೋನಾದಂತಹ ಉದ್ದನೆಯ, ಅತಿವೇಗದ ಟ್ರ್ಯಾಕಿನಲ್ಲಿ, ಅಂದರೆ ಸೂಪರ್‌ಸ್ಪೀಡ್‌ವೇಯಲ್ಲಿ ಒಂಟಿಯಾಗಿ ಓಡುವ ಕಾರು ಹಳೆಯ ಡಾಂಬರಿನ ಮೇಲೂ ಆಕ್ಸಿಲರೇಟರಿನಿಂದ ಕಾಲು ತೆಗೆಯದೆಯೇ ಸುತ್ತು ಮುಗಿಸುತ್ತಿತ್ತು. ಪೂರ್ತಿ ಒತ್ತಿದ ಕಾಲನ್ನು ಅದಕ್ಕಿಂತ ಹೆಚ್ಚು ಒತ್ತಲಾಗದು. ಆದ್ದರಿಂದ ಅಲ್ಲಿ ಒಂಟಿ ಕಾರಿನ ವೇಗವನ್ನು ಎಂಜಿನ್ನಿನ ಶಕ್ತಿ ಮತ್ತು ಗಾಳಿಯ ತಡೆ ನಿರ್ಧರಿಸುತ್ತವೆಯೇ ಹೊರತು ರಸ್ತೆಯ ಹಿಡಿತವಲ್ಲ. ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆದು ಬಿಡುವ ರೆಸ್ಟ್ರಿಕ್ಟರ್ ಪ್ಲೇಟಿನ ರಂಧ್ರಗಳ ವ್ಯಾಸ 2010ರ ಫೆಬ್ರವರಿಯಲ್ಲಿ ಇಂಚಿನ 63/64 ಭಾಗ, ಅಂದರೆ ಸುಮಾರು 25 ಮಿ.ಮೀ. ಇತ್ತು, ಮರುವರ್ಷ ಅದನ್ನು ಸುಮಾರು 23 ಮಿ.ಮೀ.ಗೆ ಇಳಿಸಲಾಯಿತು. ಜೊತೆಗೆ ಕಾರಿನ ಹಿಂಬದಿಯಲ್ಲಿದ್ದ ರೆಕ್ಕೆಯ ಜಾಗಕ್ಕೆ ಅಷ್ಟರಲ್ಲಿ ಗಾಳಿಗೆ ಅಡ್ಡ ನಿಲ್ಲುವ ಪಟ್ಟಿ, ಅಂದರೆ ಸ್ಪಾಯ್ಲರ್ ಬಂದಿತ್ತು. ಪೋಲ್ ವೇಗ ಇಳಿದದ್ದು ಹೀಗೆ.

ಹಾಗೆಂದು ಡಾಂಬರಿಗೆ ಇದರಲ್ಲಿ ಪಾತ್ರವೇ ಇಲ್ಲವೆಂದು ತಿಳಿಯಬಾರದು; ಅದರ ಪರಿಣಾಮ ಕಾಣುವುದು ಕಾರುಗಳು ಗುಂಪಾಗಿ ಓಡುವಾಗ. ಡೇಟೋನಾದ ತಿರುವುಗಳು 31 ಡಿಗ್ರಿ ಓರೆಯಾಗಿದ್ದು, ಅವುಗಳ ತ್ರಿಜ್ಯ ಸುಮಾರು 1,000 ಅಡಿ. ಘರ್ಷಣೆಯೇ ಇಲ್ಲವೆಂದು ಭಾವಿಸಿದರೂ ಆ ಓರೆಯೊಂದೇ ಕಾರನ್ನು ಗಂಟೆಗೆ 95 ಮೈಲಿ ವೇಗದವರೆಗೆ ತಿರುವಿನಲ್ಲಿ ಹಿಡಿದಿಡಬಲ್ಲದು. ಆದರೆ 200 ಮೈಲಿ ವೇಗದಲ್ಲಿ, ಕಾರನ್ನು ಕೆಳಕ್ಕೆ ಒತ್ತುವ ಗಾಳಿಯ ಬಲವನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, ಟೈರು ಮತ್ತು ರಸ್ತೆಯ ನಡುವೆ ಸುಮಾರು 0.8ರಷ್ಟು ಘರ್ಷಣಾಂಕ ಬೇಕಾಗುತ್ತದೆ. ಹೊಸ ಟೈರಿಗೆ ಇದು ಕಷ್ಟವಲ್ಲ. ಹಳೆಯ ರಸ್ತೆಯ ಮೇಲೆ ಇಪ್ಪತ್ತು ಸುತ್ತು ಸವೆದ ಟೈರು, ಪಕ್ಕದ ಕಾರುಗಳು ಕಲಕಿದ ಗಾಳಿಯಲ್ಲಿ, ಎರಡನೇ ತಿರುವಿನ ಉಬ್ಬುತಗ್ಗನ್ನು ದಾಟುವಾಗ ಇಷ್ಟು ಹಿಡಿತವನ್ನು ಕೊಡಲಾರದೆ ಹೋಗಬಹುದು. ಆಗ ಚಾಲಕ ಕಾಲು ಎತ್ತಲೇಬೇಕು. ಹೊಸ ಡಾಂಬರು ಈ ಅನಿವಾರ್ಯತೆಯನ್ನು ಇಲ್ಲವಾಗಿಸಿತು.

1978ರಲ್ಲಿ ಹಾಸಿದ ಹಳೆಯ ಪದರ ಮೂರು ದಶಕ ಬಾಳಿತ್ತು. 2010ರ ಡೇಟೋನಾ 500 ನಡೆಯುತ್ತಿದ್ದಾಗ ಮೊದಲ ಮತ್ತು ಎರಡನೇ ತಿರುವುಗಳ ನಡುವೆ ಗುಂಡಿ ಬಿದ್ದು, ರೇಸನ್ನು ಎರಡು ಬಾರಿ, ಒಟ್ಟು ಎರಡು ಗಂಟೆಗಿಂತ ಹೆಚ್ಚು ಕಾಲ ನಿಲ್ಲಿಸಬೇಕಾಯಿತು. ಅದೇ ವರ್ಷಾಂತ್ಯದೊಳಗೆ ಇಡೀ ಟ್ರ್ಯಾಕಿಗೆ ಹೊಸ ಪದರ ಬಂತು. ನುಣುಪಾದ, ಉಬ್ಬುತಗ್ಗಿಲ್ಲದ ಆ ರಸ್ತೆಯಲ್ಲಿ ಹಿಂದಿನ ಕಾರು ಮುಂದಿನ ಕಾರಿನ ಬಂಪರಿಗೆ ತನ್ನ ಮೂತಿಯನ್ನು ತಾಗಿಸಿ, ತಿರುವಿನಲ್ಲಿಯೂ ಬಿಡದೆ ತಳ್ಳಿಕೊಂಡು ಹೋಗುವುದು ಸಾಧ್ಯವಾಯಿತು. ಎರಡು ಎಂಜಿನ್ನುಗಳ ಶಕ್ತಿ ಒಂದಾಗಿ, ಗಾಳಿಯ ತಡೆ ಮಾತ್ರ ಎರಡು ಪಟ್ಟಾಗದೆ ಉಳಿದದ್ದರಿಂದ, 2011ರ ಫೆಬ್ರವರಿಯಲ್ಲಿ ಡೇಟೋನಾದಲ್ಲೇ ನಡೆದ ಪ್ರದರ್ಶನ ರೇಸಾದ ಬಡ್ ಶೂಟ್‌ಔಟ್‌ನಲ್ಲಿ ಇಂತಹ ಜೋಡಿಗಳು ಗಂಟೆಗೆ 206 ಮೈಲಿ, ಅಂದರೆ ಸುಮಾರು 331 ಕಿ.ಮೀ. ವೇಗವನ್ನು ಮುಟ್ಟಿದವು. ಒಂಟಿ ಕಾರಿನ 186 ಮೈಲಿಯ ಪಕ್ಕದಲ್ಲಿ ಈ ಅಂಕಿಯನ್ನಿಟ್ಟು ನೋಡಿದರೆ ನಿಮ್ಮ ಪ್ರಶ್ನೆಯ ಗಂಟು ಬಿಡಿಸಿಕೊಳ್ಳುತ್ತದೆ.

ನಾಸ್ಕಾರ್ ತಕ್ಷಣವೇ ಪ್ಲೇಟಿನ ರಂಧ್ರವನ್ನು ಮತ್ತೆ ಇಂಚಿನ 1/64 ಭಾಗದಷ್ಟು ಕುಗ್ಗಿಸಿತು. ತಳ್ಳುವ ಕಾರಿನ ರೇಡಿಯೇಟರಿಗೆ ಗಾಳಿ ಸಿಗದೆ ಎಂಜಿನ್ ಬೇಗ ಕಾಯಲಿ, ಜೋಡಿಗಳು ಹೆಚ್ಚು ಹೊತ್ತು ಅಂಟಿಕೊಂಡಿರಲಾಗದಿರಲಿ ಎಂದು ಮುಂಭಾಗದ ಗ್ರಿಲ್‌ನ ಬಾಯಿಯನ್ನೂ ಕಿರಿದಾಗಿಸಿತು. ನನ್ನ ದೃಷ್ಟಿಯಲ್ಲಿ ಎರಡನೆಯದೇ ಹೆಚ್ಚು ಜಾಣತನದ ಕ್ರಮ, ಏಕೆಂದರೆ ಅದು ಎಲ್ಲ ಕಾರುಗಳನ್ನು ನಿಧಾನಗೊಳಿಸುವ ಬದಲು ತೊಂದರೆಯ ಮೂಲಕ್ಕೇ ಕೈ ಹಾಕುತ್ತದೆ. ಈ ಎಚ್ಚರಿಕೆಗೆ ಇತಿಹಾಸವೂ ಇದೆ. 1987ರಲ್ಲಿ ಡೇಟೋನಾದಂತಹದೇ ಇನ್ನೊಂದು ಸೂಪರ್‌ಸ್ಪೀಡ್‌ವೇ ಆದ ಟಲಾಡೆಗಾದಲ್ಲಿ ಬಿಲ್ ಎಲಿಯಟ್ ಅರ್ಹತಾ ಸುತ್ತನ್ನು 212.809 ಮೈಲಿ ವೇಗದಲ್ಲಿ ಮುಗಿಸಿದ್ದರು. ಅದೇ ರೇಸಿನಲ್ಲಿ ಬಾಬಿ ಆಲಿಸನ್ ಅವರ ಕಾರು ಗಾಳಿಗೇರಿ ಪ್ರೇಕ್ಷಕರ ಮುಂದಿನ ಬೇಲಿಯನ್ನು ಹರಿದು ಹಾಕಿತು. ಮರುವರ್ಷದಿಂದ ಡೇಟೋನಾ ಮತ್ತು ಟಲಾಡೆಗಾಗಳಲ್ಲಿ ಪ್ಲೇಟು ಕಡ್ಡಾಯವಾಯಿತು.

ಡಾಂಬರು ನೇರವಾಗಿ ವೇಗ ಹೆಚ್ಚಿಸಿದ ಉದಾಹರಣೆ ಬೇಕಿದ್ದರೆ ಮಿಷಿಗನ್ ಟ್ರ್ಯಾಕನ್ನು ನೋಡಬೇಕು. ಎರಡು ಮೈಲಿ ಸುತ್ತಳತೆಯ ಆ ಟ್ರ್ಯಾಕಿನ ಓರೆ ಕೇವಲ 18 ಡಿಗ್ರಿ. ಅಲ್ಲಿ ಪ್ಲೇಟೂ ಇರಲಿಲ್ಲ. ಆದ್ದರಿಂದ ಪ್ರತಿ ತಿರುವಿನಲ್ಲೂ ಹಿಡಿತವೇ ವೇಗದ ಮಿತಿಯಾಗಿತ್ತು. ರಯಾನ್ ನ್ಯೂಮನ್ 2005ರಲ್ಲಿ ಸ್ಥಾಪಿಸಿದ್ದ 194.232 ಮೈಲಿಯ ದಾಖಲೆಯನ್ನು, ಹೊಸ ಡಾಂಬರು ಬಿದ್ದ 2012ರಲ್ಲಿ ಮಾರ್ಕೋಸ್ ಆಂಬ್ರೋಸ್ 203.241ಕ್ಕೆ ಏರಿಸಿದರು. 2014ರಲ್ಲಿ ಜೆಫ್ ಗಾರ್ಡನ್ ಅದನ್ನು 206.558ಕ್ಕೆ ಒಯ್ದರು.

ಇಡೀ ರೇಸಿನ ಸರಾಸರಿ ವೇಗವನ್ನು ಮಾತ್ರ ಈ ಚರ್ಚೆಗೆ ತರಬಾರದು. 1978ರ ಪದರ ಇನ್ನೂ ಹೊಸದಾಗಿದ್ದ 1980ರಲ್ಲಿ ಬಡ್ಡಿ ಬೇಕರ್ ಡೇಟೋನಾ 500 ರೇಸನ್ನು 177.602 ಮೈಲಿ ಸರಾಸರಿಯಲ್ಲಿ ಗೆದ್ದರೆ, 2010ರ ಪದರ ಹೊಸದಾಗಿದ್ದ 2011ರಲ್ಲಿ ಟ್ರೆವರ್ ಬೇನ್ ಗೆದ್ದ ಸರಾಸರಿ ಕೇವಲ 130.326. ಎರಡನೆಯ ರೇಸಿನಲ್ಲಿ ಅಪಘಾತದಂತಹ ಸಂದರ್ಭದಲ್ಲಿ ಎಲ್ಲ ಕಾರುಗಳೂ ನಿಧಾನಿಸಬೇಕೆಂದು ಸೂಚಿಸುವ ಹಳದಿ ಬಾವುಟ 16 ಬಾರಿ ಹಾರಿತ್ತು.

ಪ್ರಶ್ನೆ: ಹೊಸ ಡಾಂಬರಿನಲ್ಲಿ ಟೈರು ಸವೆಯುವುದಿಲ್ಲವಾದರೆ ಅದು ಒಳ್ಳೆಯದೇ ಅಲ್ಲವೇ? ಚಾಲಕರು ಅದನ್ನು ವಿರೋಧಿಸುವುದೇಕೆ?

ಉತ್ತರ: ಹೊಸ ರಸ್ತೆಯಲ್ಲಿ ಜಲ್ಲಿಯ ಕಲ್ಲುಗಳನ್ನು ಡಾಂಬರು ಪೂರ್ತಿಯಾಗಿ ಆವರಿಸಿರುತ್ತದೆ. ಬಿಸಿಲು, ಮಳೆ ಮತ್ತು ಟೈರುಗಳ ಉಜ್ಜಾಟದಿಂದ ಅದು ವರ್ಷಗಳು ಕಳೆದಂತೆ ಒಣಗಿ ಸವೆದಾಗ ಕಲ್ಲಿನ ಮೊನೆಗಳು ಮೇಲೆದ್ದು, ರಸ್ತೆ ಉಪ್ಪುಕಾಗದದಂತೆ ಟೈರನ್ನು ಉಜ್ಜತೊಡಗುತ್ತದೆ. ಹೀಗೆ ಸವೆದುಹೋಗುವ ರಬ್ಬರು ತನ್ನೊಂದಿಗೆ ಶಾಖವನ್ನೂ ಒಯ್ಯುತ್ತದೆ. ಹೊಸ ಡಾಂಬರಿನ ಮೇಲೆ ಟೈರು ಸವೆಯದ ಕಾರಣ ಆ ಶಾಖ ಒಳಗೇ ಉಳಿಯುತ್ತದೆ. ವೇಗವೂ ಹೆಚ್ಚಾಗಿರುವುದರಿಂದ ಉಂಟಾಗುವ ಶಾಖವೂ ಹೆಚ್ಚು. ಮಿಷಿಗನ್ನಿನಲ್ಲಿ 2012ರ ಜೂನ್‌ನಲ್ಲಿ ಟೈರುಗಳು ಗುಳ್ಳೆ ಎದ್ದದ್ದರಿಂದ ಗುಡ್‌ಇಯರ್ ಕಂಪನಿ ರೇಸಿಗೆ ಮುನ್ನ ಎಡಭಾಗದ ಟೈರುಗಳನ್ನೇ ಬದಲಿಸಬೇಕಾಯಿತು.

ಇದಕ್ಕೆ ಸಾಮಾನ್ಯ ಪರಿಹಾರವೆಂದರೆ ಗಟ್ಟಿ ರಬ್ಬರಿನ ಟೈರು. ಅದು ಬಾಳುತ್ತದೆ, ಆದರೆ ಹಿಡಿತ ತಪ್ಪುವ ಮೊದಲು ಚಾಲಕನಿಗೆ ಸೂಚನೆಯನ್ನೇ ಕೊಡುವುದಿಲ್ಲ. ಟೈರನ್ನು ಜತನದಿಂದ ಉಳಿಸಿಕೊಂಡು ಕೊನೆಯ ಸುತ್ತುಗಳಲ್ಲಿ ಮುನ್ನುಗ್ಗುವ ಚಾಲಕನ ಕೌಶಲಕ್ಕೂ ಅಲ್ಲಿ ಬೆಲೆ ಕಡಿಮೆ. ಚಾಲಕರ ತಕರಾರಿನಲ್ಲಿ ತಿರುಳಿದೆ ಎಂದೇ ನಾನು ಭಾವಿಸುತ್ತೇನೆ, ಆದರೂ ಗುಂಡಿ ಬಿದ್ದ ರಸ್ತೆಯಲ್ಲಿ ರೇಸ್ ನಡೆಸಲಾಗದು. ಚಾಲಕರಿಗೆ ಅಚ್ಚುಮೆಚ್ಚಾಗಿದ್ದ ಅಟ್ಲಾಂಟಾದ 1997ರ ಪದರವನ್ನು 2021ರ ಜುಲೈ ರೇಸಿನ ನಂತರ ಕಿತ್ತಾಗ, ಕೇವಲ ಡಾಂಬರು ಬದಲಿಸಿ ಬಿಡಲಿಲ್ಲ. ತಿರುವುಗಳ ಓರೆಯನ್ನು 24ರಿಂದ 28 ಡಿಗ್ರಿಗೆ ಏರಿಸಿ, 2022ರಿಂದ ಡೇಟೋನಾ ಮಾದರಿಯಲ್ಲಿ ಎಂಜಿನ್ ಶಕ್ತಿಯನ್ನು ಕಡಿತಗೊಳಿಸಿ ಓಡಿಸಲಾಯಿತು. ಒಂದೂವರೆ ಮೈಲಿಯ ಆ ಟ್ರ್ಯಾಕಿನಲ್ಲಿ ಈಗ ನಡೆಯುವುದು ಸೂಪರ್‌ಸ್ಪೀಡ್‌ವೇ ರೀತಿಯ ಗುಂಪು ಓಟ.